ಬಿಸಿಯೂಟದ ಲೆಕ್ಕ: ತಲೆ ಎಣಿಸಿದೆವು, ಎಣ್ಣೆ ಎಲ್ಲಿಯದು?

ನಮ್ಮ ಶಾಲೆಗಳ ಬಿಸಿಯೂಟಕ್ಕೆ ಒಂದು ಇತಿಹಾಸವಿದೆ. ಅದರ ಲೆಕ್ಕದ ಪುಸ್ತಕಕ್ಕೂ ಒಂದು ಇತಿಹಾಸವಿದೆ. ಈ ಎರಡನೆಯದನ್ನು ನಾವು ಹೆಚ್ಚು ಮಾತಾಡುವುದಿಲ್ಲ.

1995ರ ಆಗಸ್ಟ್ 15ರಂದು ಕೇಂದ್ರ ಸರ್ಕಾರ ಯೋಜನೆ ಶುರು ಮಾಡಿದಾಗ ಬಹುತೇಕ ರಾಜ್ಯಗಳು ಅಡುಗೆ ಮಾಡಿ ಬಡಿಸಲಿಲ್ಲ. ಶೇ 80 ಹಾಜರಾತಿ ಇದ್ದ ಮಗುವಿಗೆ ತಿಂಗಳಿಗೆ 3 ಕೆ.ಜಿ. ಧಾನ್ಯ ಕೊಟ್ಟು ಕಳಿಸುತ್ತಿದ್ದವು. ಹಾಜರಿ ಪುಸ್ತಕವೇ ಆಗಿನ ಮುಖ್ಯ ದಾಖಲೆ.

2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟ್ ಬೇಯಿಸಿದ ಊಟವನ್ನೇ ಕೊಡಿ ಎಂದಿತು. 2002ರಲ್ಲಿ ನಮ್ಮ ರಾಜ್ಯದ ಉತ್ತರದ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಆರಂಭವಾಯಿತು. ಒಲೆ ಹೊತ್ತಿದ ಮೇಲೆ ಅಕ್ಕಿ ಒಂದೇ ಸಾಲದು. ಬೇಳೆ, ಎಣ್ಣೆ, ಉಪ್ಪು, ತರಕಾರಿ ಬೇಕು. ಅಂದರೆ ಖರೀದಿ ಬಂತು, ಜೊತೆಗೆ ಖರೀದಿಯ ಪ್ರಶ್ನೆಗಳೂ ಬಂದವು.

ಆ ಪ್ರಶ್ನೆ ಎಷ್ಟು ದೊಡ್ಡದು ಎಂದು ದೇಶಕ್ಕೆ ತಿಳಿದದ್ದು 2013ರ ಜುಲೈ 16ರಂದು. ಬಿಹಾರದ ಸಾರಣ ಜಿಲ್ಲೆಯ ಗಂಡಾಮನ್ ಗ್ರಾಮದ ಶಾಲೆಯಲ್ಲಿ ಊಟ ಮಾಡಿದ 23 ಮಕ್ಕಳು ತೀರಿಕೊಂಡರು. ಅಡುಗೆ ಎಣ್ಣೆಯಲ್ಲಿ ಮಾನೊಕ್ರೊಟೊಫಾಸ್ ಎಂಬ ಕೀಟನಾಶಕ ಇದ್ದದ್ದು ಪ್ರಯೋಗಾಲಯದಲ್ಲಿ ಪತ್ತೆಯಾಯಿತು. ನಮ್ಮ ಹೊಲಗಳಿಗೂ ಗೊತ್ತಿರುವ ಔಷಧಿ ಅದು. ಎಷ್ಟು ಮಕ್ಕಳು ಉಂಡರು ಎಂಬ ಲೆಕ್ಕ ಎಷ್ಟೇ ಸರಿಯಿದ್ದರೂ ಆ ಮಕ್ಕಳು ಉಳಿಯುತ್ತಿರಲಿಲ್ಲ.

2015ರ ನಿಯಮಗಳು ಊಟದ ಮಾದರಿಯನ್ನು ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಪರೀಕ್ಷಿಸಬೇಕು ಎಂದವು. ಪ್ರಾಥಮಿಕ ಶಾಲೆಯ ಮಗುವಿಗೆ 450 ಕ್ಯಾಲೊರಿ, 12 ಗ್ರಾಂ ಪ್ರೋಟೀನ್. ಹಿರಿಯ ಪ್ರಾಥಮಿಕಕ್ಕೆ 700 ಕ್ಯಾಲೊರಿ, 20 ಗ್ರಾಂ ಎಂಬ ಅಳತೆಯನ್ನೂ ಇಟ್ಟವು. ಮುಂದೆ ದಿನದ ಲೆಕ್ಕ ಎಸ್‌ಎಂಎಸ್, ಆ್ಯಪ್‌ಗಳಿಗೆ ಬಂತು. ಆದರೆ ಫೋನಿನಲ್ಲಿ ಮೇಲಕ್ಕೆ ಹೋಗುವುದು ಮುಖ್ಯವಾಗಿ ತಲೆ ಎಣಿಕೆಯೇ.

ಪದಾರ್ಥದ ದಾಖಲೆ ಬೇರೆ. ಎಣ್ಣೆ ಪ್ಯಾಕೆಟ್ ಮೇಲೆ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ದಿನಾಂಕ ಇರುತ್ತವೆ. ಒಂದು ಶಾಲೆಯಲ್ಲಿ ಮಕ್ಕಳು ವಾಂತಿ ಮಾಡಿದರೆ, ಅದೇ ಬ್ಯಾಚಿನ ಎಣ್ಣೆ ಇನ್ಯಾವ ಶಾಲೆಗೆ ಹೋಗಿದೆ ಎಂದು ಹುಡುಕಲು ಬೇಕಾದದ್ದು ಈ ಸಂಖ್ಯೆ. ಅದನ್ನು ಬರೆದಿಡದಿದ್ದರೆ ಖಾಲಿ ಪ್ಯಾಕೆಟ್ ಜೊತೆ ಸುಳಿವೂ ಕಸಕ್ಕೆ ಹೋಗುತ್ತದೆ.

ಇದಕ್ಕೆ ದೊಡ್ಡ ಕಂಪ್ಯೂಟರ್ ಬೇಡ. ಸಾಮಾನು ಇಳಿದ ದಿನ ಪ್ಯಾಕೆಟ್‌ನ ಹಿಂಬದಿಯ ಒಂದು ಫೋಟೊ, ಬಿಲ್‌ನ ಒಂದು ಫೋಟೊ ಸಾಕು. ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ಹಾಜರಿ ಪುಸ್ತಕದ ಜೊತೆ ಇವನ್ನೂ ತೋರಿಸಿ ಎಂದು ಪೋಷಕರಾದ ನಾವು ಕೇಳೋಣ.