ಪಿಡಿಎಫ್ ಪತ್ರವೂ ಅದರ ವಾಹನವೂ

ಗಣಕಯಂತ್ರದ ಪುಟವನ್ನು ಕಾಗದಕ್ಕೆ ಇಳಿಸುವ ವಿದ್ಯೆಗೆ ಅಮೆರಿಕದ ಜಾನ್ ವಾರ್ನಾಕ್, ಚಾರ್ಲ್ಸ್ ಗೆಶ್ಕಿ ಎಂಬ ವಿದ್ವಾಂಸರಿಬ್ಬರು ಸಲ್ಲಿಸಿದ ಸೇವೆಯು ಸಾಮಾನ್ಯವಾದುದಲ್ಲ. 1982ರಲ್ಲಿ ಇವರು ಅಡೋಬಿ ಸಂಸ್ಥೆಯನ್ನು ಸ್ಥಾಪಿಸಿ, ಪುಟದ ಸ್ವರೂಪವನ್ನು ಪ್ರಿಂಟರಿಗೆ ವಿವರಿಸುವ ಪೋಸ್ಟ್‌ಸ್ಕ್ರಿಪ್ಟ್ ಎಂಬ ಭಾಷೆಯನ್ನು ನಿರ್ಮಿಸಿದರು. ಅದರಲ್ಲೊಂದು ಕ್ಲೇಶವಿದ್ದಿತು: ನೂರನೆಯ ಪುಟವನ್ನು ಕಾಣಬೇಕಾದರೆ ಹಿಂದಿನ ತೊಂಬತ್ತೊಂಬತ್ತನ್ನೂ ಯಂತ್ರವು ಓದಿಕೊಂಡು ಬರಬೇಕಾಗುವ ಸಂಭವವುಂಟು. 1993ರಲ್ಲಿ ಹೊರಬಂದ ಪಿಡಿಎಫ್ ಇದನ್ನು ಪರಿಹರಿಸಿತು. ಯಾವ ಭಾಗ ಎಲ್ಲಿದೆಯೆಂಬ ಅನುಕ್ರಮಣಿಕೆಯನ್ನು ಫೈಲಿನ ಕೊನೆಯಲ್ಲಿಟ್ಟುದರಿಂದ, ಬೇಕಾದ ಪುಟವನ್ನು ನೇರವಾಗಿ ತೆರೆಯುವುದು ಸಾಧ್ಯವಾಯಿತು.

ಆ ಪತ್ರಕ್ಕೆ ಒದಗಿದ ವಾಹನವಾದರೋ ಉತ್ತರೋತ್ತರ ಸ್ಥೂಲವಾಗುತ್ತ ಹೋಯಿತು. ವಿಘ್ನೇಶ್ವರನನ್ನು ಮೂಷಿಕವು ಹೊರುವುದು ಪುರಾಣಪ್ರಸಿದ್ಧ; ಇಲ್ಲಿ ಮೂಷಿಕವನ್ನು ಹೊರಲು ಆನೆಯೇ ಬೇಕಾಯಿತು. 2003ರ ಆರನೆಯ ಅಕ್ರೋಬ್ಯಾಟ್ ಒಂದೇ ಹಾಳೆಯನ್ನು ತೋರಿಸುವ ಮೊದಲು ಬೇಕಾದ, ಬೇಡವಾದ ಪ್ಲಗಿನ್ನುಗಳನ್ನು ಹೊತ್ತು ತರುತ್ತಿದ್ದಿತು. ಬೇಸತ್ತವರು ಅವುಗಳನ್ನು ಬೇರೆಡೆಗೆ ಸಾಗಿಸಿ ಕಾಲವನ್ನು ಉಳಿಸಿಕೊಂಡರು.

ಮುದ್ರಣದ ವಿಳಂಬಕ್ಕೆ ಬೇರೊಂದು ಕಾರಣವೂ ಉಂಟು. 2001ರಲ್ಲಿ ಪಿಡಿಎಫ್‌ಗೆ ಪಾರದರ್ಶಕ ಚಿತ್ರಗಳು ಸೇರಿದವು. ಪೋಸ್ಟ್‌ಸ್ಕ್ರಿಪ್ಟಿಗೆ ಪಾರದರ್ಶಕತೆ ತಿಳಿಯದು. ಆದಕಾರಣ ಒಂದರ ಮೇಲೊಂದು ಬಿದ್ದ ಬಣ್ಣಗಳನ್ನು ಗಣಕಯಂತ್ರವೇ ಬೆರಸಿ ಕಳುಹಿಸಬೇಕು. ಸಣ್ಣ ಫೈಲು ಪ್ರಿಂಟರನ್ನು ಸೇರುವಷ್ಟರಲ್ಲಿ ಬೃಹದಾಕಾರ ತಾಳಿರುವುದುಂಟು.

ಅಡೋಬಿಯವರನ್ನು ದೂರುವಾಗ ಅವರ ಔದಾರ್ಯವನ್ನು ಮರೆಯಲಾಗದು. ಪಿಡಿಎಫ್‌ನ ಲಕ್ಷಣಗ್ರಂಥವನ್ನು ಅವರು 1993ರಲ್ಲಿಯೇ ಪ್ರಕಟಿಸಿದ್ದರು. ಅದರ ಬಲದಿಂದಲೇ 1995ರಲ್ಲಿ ಎಕ್ಸ್‌ಪಿಡಿಎಫ್, 2006ರಲ್ಲಿ ಸುಮಾತ್ರಾ ಎಂಬ ಲಘುವಾದ ತಂತ್ರಾಂಶಗಳು ಅನ್ಯರ ಕೈಯಲ್ಲಿ ಹುಟ್ಟಿದವು. 2008ರಲ್ಲಿ ಆ ಲಕ್ಷಣವು ಐಎಸ್ಓ 32000 ಎಂಬ ಅಂತರರಾಷ್ಟ್ರೀಯ ಮಾನಕವಾಯಿತು.