ಹಳ್ಳಿಗೆ ಬಂದು ಹೋದ ಪಾಠ, ಉಳಿದ ಪಾಠ

ನೆಟ್ ಇಲ್ಲದೆ ವೀಡಿಯೋ ಪಾಠ ನೋಡೋದು ಇವತ್ತಿನ ಕಥೆಯಲ್ಲ. 1975ರ ಆಗಸ್ಟ್ 1ರಂದು ಇಸ್ರೋ, ನಾಸಾದ ಎಟಿಎಸ್-6 ಉಪಗ್ರಹ ಬಳಸಿ 'ಸೈಟ್' ಪ್ರಯೋಗ ಶುರುಮಾಡಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಬಂತು. ನಮ್ಮ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ತಂತಿ ಬಲೆಯ ದೊಡ್ಡ ಆಂಟೆನಾ, ಬೆಳಿಗ್ಗೆ ಶಾಲಾ ಮಕ್ಕಳಿಗೆ ಪಾಠ. ಆದರೆ ಉಪಗ್ರಹ ಎರವಲು ತಂದದ್ದು ನೋಡಿ.. 1976ರ ಜುಲೈ 31ಕ್ಕೆ ಪ್ರಯೋಗ ಮುಗಿಯಿತು.

2012ರಲ್ಲಿ ಬಂದ 'ಕೆಎ ಲೈಟ್' ತಂತ್ರಾಂಶದ ದಾರಿ ಬೇರೆ. ಖಾನ್ ಅಕಾಡೆಮಿಯ ವೀಡಿಯೋಗಳನ್ನು ನೆಟ್ ಇರೋ ಕಡೆ ಒಮ್ಮೆ ಇಳಿಸಿಕೊಂಡರೆ ಸಾಕು. ಆಮೇಲೆ ಶಾಲೆಯ ಒಂದು ಕಂಪ್ಯೂಟರ್, ಅಂಗೈಯಗಲದ ರಾಸ್ಪ್‌ಬೆರಿ ಪೈ ಆದರೂ ಸರಿ, ಸರ್ವರ್ ಆಗಿ ಎಲ್ಲರಿಗೂ ಹಂಚುತ್ತದೆ. ಅರ್ಥವಾಗದಿದ್ದರೆ ಹಿಂದಕ್ಕೆ ಹೋಗಿ ಮತ್ತೆ ನೋಡಬಹುದು. ಸೈಟ್ ಕಾಲದ ಮಕ್ಕಳಿಗೆ ಆ ಭಾಗ್ಯವಿರಲಿಲ್ಲ. ಪಾಠ ಊರಿಗೆ ತಲುಪಿದರಷ್ಟೇ ಸಾಲದು ಗೆಳೆಯರೇ, ಅಲ್ಲೇ ಉಳಿಯಬೇಕು.