ಒಂದೇ ದಾರಿಯ ಕೋಟೆ

ನಮ್ಮ ಕಡೆಯ ಹೆಂಗಸರಿಗೆ ಗುಡ್ಡ ಹತ್ತುವುದೇನೂ ಹೊಸತಲ್ಲ. ಹಟ್ಟಿಗೆ ಸೊಪ್ಪು ಬೇಕು, ಒಲೆಗೆ ಕಟ್ಟಿಗೆ ಬೇಕು, ಗೊಬ್ಬರಕ್ಕೆ ತರಗೆಲೆ ಬೇಕು. ಎಲ್ಲದಕ್ಕೂ ನಮ್ಮ ಅಮ್ಮಂದಿರು, ಅಜ್ಜಿಯಂದಿರು ಗುಡ್ಡಕ್ಕೇ ಹೋಗಿ ಬಂದವರು. ಆದರೆ ತಲೆಯ ಮೇಲೆ ಹೊರೆಯಿಲ್ಲದೆ, ಬರಿದೇ ನೋಡುವುದಕ್ಕೆಂದು ಗುಡ್ಡ ಹತ್ತುವುದಕ್ಕೆ ಅವರಿಗೆ ಪುರುಸೊತ್ತು ಎಲ್ಲಿತ್ತು? ನಾನೂ ಹಾಗೆ ಹತ್ತಿದ್ದು ಐವತ್ತು ದಾಟಿದ ಮೇಲೆಯೇ, ಶಾಲೆಯ ಮಕ್ಕಳ ಜೊತೆಗೆ, ಬೆಳ್ತಂಗಡಿಯ ಗಡಾಯಿಕಲ್ಲನ್ನು.

ಸವಣೂರಿನಿಂದ ಹೊರಟು ಉಪ್ಪಿನಂಗಡಿಯಲ್ಲಿ ನೇತ್ರಾವತಿ–ಕುಮಾರಧಾರೆಯರ ಸಂಗಮ ದಾಟಿ ಬೆಳ್ತಂಗಡಿಯ ಕಡೆ ಹೋದರೆ, ಸಾಲುಬೆಟ್ಟಗಳಿಂದ ಬೇರೆಯಾಗಿ ನಿಂತ ಒಂದೇ ಬಂಡೆ ಕಣ್ಣಿಗೆ ಬೀಳುತ್ತದೆ. ಸಮುದ್ರಮಟ್ಟದಿಂದ ಸುಮಾರು 1700 ಅಡಿ ಎತ್ತರ. ಉಪ್ಪಿನಂಗಡಿ, ಬೆಳ್ತಂಗಡಿಯಂತೆ ಈ ಬಂಡೆಯ ಬುಡದಲ್ಲಿಯೂ ಹಿಂದೆ ಒಂದು ಅಂಗಡಿ ಊರಿತ್ತು, ನರಸಿಂಹ ಅಂಗಡಿ. ಅದಕ್ಕೇ ಬಂಡೆಗೆ ನರಸಿಂಹಗಡವೆಂದೂ ಹೆಸರು. 1794ರಲ್ಲಿ ಟಿಪ್ಪು ಸುಲ್ತಾನ್ ಮೇಲೆ ಕೋಟೆ ಕಟ್ಟಿಸಿದ. ತಾಯಿ ಜಮಾಲಾಬಿಯ ನೆನಪಿಗೆ ಅದನ್ನು ಜಮಲಾಬಾದ್ ಎಂದು ಕರೆದನೆಂದು ಹೇಳುತ್ತಾರೆ. ಅರಸರು ಇಟ್ಟ ಹೆಸರು ಕಾಗದಪತ್ರಗಳಲ್ಲಿ ಉಳಿಯಿತು. ಸುತ್ತಲಿನ ಜನರ ಬಾಯಲ್ಲಿ ಮಾತ್ರ ಅದು ಇಂದಿಗೂ ಗಡಾಯಿಕಲ್ಲೇ.

ಹೋಗುವ ಮೊದಲು ಒಬ್ಬ ಹುಡುಗಿಯ ತಂದೆ ಶಾಲೆಗೆ ಬಂದಿದ್ದರು. "ಹೆಣ್ಣುಮಕ್ಕಳಿಗೆ ಅದೆಲ್ಲ ಯಾಕೆ ಟೀಚರ್? ಕೆಳಗೆ ನಿಂತು ನೋಡಿದರೆ ಸಾಲದಾ?" ಎಂದರು. "ಪುಸ್ತಕದಲ್ಲಿ ಕೋಟೆಯ ಬಗ್ಗೆ ಎರಡು ಸಾಲು ಓದಿ ಮುಗಿಸುತ್ತೇವೆ. ಒಮ್ಮೆ ಕಾಲಲ್ಲಿ ಓದಲಿ, ನಾನು ಜೊತೆಗಿರುತ್ತೇನೆ" ಎಂದೆ. ಅರೆಮನಸ್ಸಿನಿಂದ ಒಪ್ಪಿದರು.

ಮೊದಲು ಕಾಡಿನ ನೆರಳು, ಮೇಲೆ ಹೋದಂತೆ ಬಂಡೆಯಲ್ಲೇ ಕಡಿದ ಮೆಟ್ಟಿಲುಗಳು. ಒಟ್ಟು ಸುಮಾರು 1876 ಎಂದು ಲೆಕ್ಕ. ನಮ್ಮ ಮಕ್ಕಳು ಎಣಿಸತೊಡಗಿ, ಮುನ್ನೂರರ ಹತ್ತಿರ ಲೆಕ್ಕ ತಪ್ಪಿ, ಜಗಳಾಡಿ ಬಿಟ್ಟರು. ದಾರಿ ಎಷ್ಟು ಇಕ್ಕಟ್ಟೆಂದರೆ, ಮದ್ದುಗುಂಡು ಇದ್ದರೆ ಒಬ್ಬನೇ ಸಿಪಾಯಿ ದೊಡ್ಡ ದಂಡನ್ನು ತಡೆಯಬಹುದಿತ್ತಂತೆ. ಉಳಿದೆಲ್ಲ ಕಡೆ ಕಡಿದಾದ ಕಲ್ಲು. ಮೇಲೆ ಮಳೆನೀರಿನ ಕೆರೆ, ಕುಸಿದ ಗೋಡೆಗಳು, ಒಂದು ಹಳೆಯ ಫಿರಂಗಿ.

ಕೋಟೆಯ ಬಾಗಿಲ ಹತ್ತಿರ ಕೂತು ನೀರು ಕುಡಿಯುವಾಗ ಆ ಹುಡುಗಿಯೇ ಕೇಳಿದಳು: "ಟೀಚರ್, ವೈರಿಗಳು ಕೆಳಗೆ ಬಂದು ಕೂತರೆ ಮೇಲಿದ್ದವರು ಇಳಿಯುವುದು ಎಲ್ಲಿಂದ?"

ಇಷ್ಟು ವರ್ಷ ಚರಿತ್ರೆ ಕಲಿಸಿದ ನನಗೆ ಯಾವ ವಿದ್ಯಾರ್ಥಿಯೂ ಕೇಳದ ಪ್ರಶ್ನೆ ಇದು. ಗಡಾಯಿಕಲ್ಲಿನ ಕಥೆಯೆಲ್ಲ ಅದರಲ್ಲಿಯೇ ಇದೆ. 1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಮಡಿದ. ಅದೇ ವರ್ಷ ಈ ಕೋಟೆಯೂ ಇಂಗ್ಲಿಷರ ಕೈಸೇರಿತು. ಸ್ವಲ್ಪದರಲ್ಲೇ ತಿಮ್ಮನಾಯಕನೆಂಬವನು ಇಂಗ್ಲಿಷರ ವಿರುದ್ಧ ಎದ್ದು ಕೋಟೆಯನ್ನು ಹಠಾತ್ತನೆ ಹಿಡಿದ. ಅವರು ಅದನ್ನು ಮರಳಿ ಪಡೆದದ್ದು ಸುಮಾರು ಮೂರು ತಿಂಗಳ ಮುತ್ತಿಗೆಯ ನಂತರ. 1801ರಲ್ಲಿ ಈ ದಾರಿಯಾಗಿ ಬಂದ ಬುಕಾನನ್ ಎಂಬ ಇಂಗ್ಲಿಷ್ ಕಂಪೆನಿಯ ವೈದ್ಯ ತನ್ನ ಪ್ರವಾಸದ ಪುಸ್ತಕದಲ್ಲಿ ಈ ಕೋಟೆಯ ವಿಚಾರವನ್ನೂ ಬರೆದಿಟ್ಟಿದ್ದಾನೆ.

ಇಂಥ ಕೋಟೆಗೆ ಏಣಿ ಹಾಕಿ ಏರಬೇಕಾಗಿಲ್ಲ, ಬುಡದಲ್ಲಿ ಕಾದು ಕೂತರೆ ಸಾಕು. ಮೇಲೆ ನೀರಿದೆ, ಗದ್ದೆಯಿಲ್ಲ. ಅಕ್ಕಿ, ಉಪ್ಪು, ಮೆಣಸು ಎಲ್ಲ ಆ ಮೆಟ್ಟಿಲುಗಳಲ್ಲೇ ಮೇಲೇರಬೇಕು. ಒಳಬರುವ ದಾರಿ ಒಂದೇ ಎಂದು ನಿಶ್ಚಿಂತೆಯಿಂದಿದ್ದವರಿಗೆ ಹೊರಹೋಗುವ ದಾರಿಯೂ ಅದೊಂದೇ ಆಗಿತ್ತು. ಕಾವಲು ಎಂದುಕೊಂಡದ್ದೇ ಸೆರೆಯಾಯಿತು. ಕಟ್ಟಿಸಿದವನ ಹೆಸರು, ಹಿಡಿದವನ ಹೆಸರು ನಮಗೆ ಗೊತ್ತು. ಮೆಟ್ಟಿಲು ಕಡಿದವರ, ಅಕ್ಕಿಮೂಟೆ ಹೊತ್ತವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಇದನ್ನೆಲ್ಲ ಹೇಳಿದಾಗ ಮಕ್ಕಳು ಸುಮ್ಮನೆ ಕೂತು ಕೇಳಿದರು.

ಆ ಹುಡುಗಿಯನ್ನು ಹತ್ತನೆಯ ತರಗತಿಯ ನಂತರ ಓದಿಸುವುದಿಲ್ಲವೆಂದು ಮನೆಯಲ್ಲಿ ನಿಶ್ಚಯವಾಗಿತ್ತು. ಕಾಲೇಜು ದೂರ, ಬಸ್ಸು ತಡ, ಕಾಲ ಒಳ್ಳೆಯದಲ್ಲ. ಫಲಿತಾಂಶ ಬಂದಾಗ ನಾನು ಅವರ ಮನೆಗೆ ಹೋದೆ. ಆಕೆಯ ತಂದೆ ಕೆಟ್ಟವರಲ್ಲ, ಮಗಳ ಮೇಲಿನ ಕಾಳಜಿಯಿಂದಲೇ ಹೇಳುತ್ತಿದ್ದರು. ನಾನು ವಾದ ಮಾಡಲಿಲ್ಲ, ಗಡಾಯಿಕಲ್ಲಿನಲ್ಲಿ ಮಗಳು ಕೇಳಿದ ಪ್ರಶ್ನೆಯನ್ನು ಹೇಳಿದೆ. ಅವರು ಮಾತಾಡಲಿಲ್ಲ. ಒಳಗಿನಿಂದ ಮಜ್ಜಿಗೆ ತಂದ ತಾಯಿ ಮಾತ್ರ, "ಅಷ್ಟು ದೊಡ್ಡ ಕಲ್ಲು ಹತ್ತಿ ಇಳಿದವಳಿಗೆ ಪುತ್ತೂರಿನ ಬಸ್ಸು ಹತ್ತಿ ಇಳಿಯಲು ಕಷ್ಟವಾದೀತಾ ಟೀಚರ್?" ಎಂದು ನನ್ನನ್ನೇ ಕೇಳಿದರು, ಗಂಡನಿಗೆ ಕೇಳಿಸುವ ಹಾಗೆ. ಮುಂದಿನ ವಾರ ಅರ್ಜಿಗೆ ತಂದೆಯ ಸಹಿ ಬಿತ್ತು.

ಓದುವ ಅಕ್ಕತಂಗಿಯರೇ, ನೀವೂ ಒಮ್ಮೆ ಹೋಗಿ ಬನ್ನಿ. ಜಾಗ ಅರಣ್ಯ ಇಲಾಖೆಯ ಅಧೀನದಲ್ಲಿದೆ, ಮೊದಲೇ ವಿಚಾರಿಸಿಕೊಳ್ಳಿ. ಮಳೆಗಾಲದಲ್ಲಿ ಪಾಚಿ ಹಿಡಿದ ಮೆಟ್ಟಿಲು ಜಾರುತ್ತದೆ, ಚಳಿಗಾಲದ ಮುಂಜಾನೆ ಒಳ್ಳೆಯದು. ಕುಡಿಯಲು ನೀರು, ತಿನ್ನಲು ಎರಡು ಬಾಳೆಹಣ್ಣು ಇರಲಿ. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಳ್ಳಿ, ನೋಡುವವರು ನೋಡಲಿ. ಹತ್ತುವಾಗ ಉಸಿರು ಬೇಕು, ಇಳಿಯುವಾಗ ಮೊಣಕಾಲು ಗಟ್ಟಿಯಿರಬೇಕು. ಮನೆಯಲ್ಲಿ ಹೆಣ್ಣುಮಗಳೊಬ್ಬಳಿದ್ದರೆ ಅವಳನ್ನು ಮುಂದೆ ಬಿಟ್ಟು ನೀವು ಹಿಂದಿನಿಂದ ಹತ್ತಿ.